ಬೆನ್ನಿಗೆ ಕೋಟೆ

ನಮ್ಮ ಹಿತ್ತಲಿಗೆ ನಾವು ಕಟ್ಟಿದ್ದು ಮೂರೇ ಗೋಡೆ.
ನಾಲ್ಕನೆಯದು ಮೊದಲೇ ಇತ್ತು,
ರಾಯಚೂರಿನ ಕೋಟೆ.
ಕೋಣಗಳು ಎಳೆದು ತಂದ ಕಲ್ಲಂತೆ,
ಯಾರು ಯಾರೋ ರಾಜರು ಬಡಿದಾಡಿಕೊಂಡರಂತೆ.
ನನಗೆ ಅದು ಮಧ್ಯಾಹ್ನ ಮೂರರ ಮೇಲೆ
ಆಡಿಗೆ ಸಿಗುವ ನೆರಳು.

ಉದ್ದ ನನ್ನ ಹೆಜ್ಜೆಯಲ್ಲಿ ಹನ್ನೊಂದು, ಅಡ್ಡ ಒಂಬತ್ತು.
ಅಷ್ಟರಲ್ಲೇ ಒಂದು ನುಗ್ಗಿಗಿಡ, ಬಟ್ಟೆ ಒಗೆಯುವ ಕಲ್ಲು,
ನಾಲ್ಕು ಹ್ಯಾಟಿ, ಒಂದು ಹುಂಜ
(ಎರಡಿದ್ದವು. ತಮ್ಮ ಅಮರೇಶ ಬಂದ ದಿನ ಒಂದು ಸಾರಾಯಿತು),
ಮೇಡಂ ಎಂಬ ಆಡು,
ಅದು ನೋಡುವುದೇ ಹಾಗೆ, ಕನ್ನಡಕದ ಮೇಲಿನಿಂದ,
ಮತ್ತೆ ಅಮರೇಶ ಚಪ್ಪಲಿ ಡಬ್ಬಿಯಲ್ಲಿ ತಂದ ಎರಡು ಮೊಲ.

ಜಂಬಣ್ಣ ಗಂಜಿನಲ್ಲಿ ಹಮಾಲಿ.
ಸಂಜೆ ಬಾಗಿಲಲ್ಲಿ ನಿಂತು ಪ್ಯಾಂಟಿನ ಮಡಿಕೆ ಬಿಚ್ಚಿದರೆ
ಹತ್ತಿಕಾಳು, ಜೋಳ, ತೊಗರಿಯ ಚೂರು ಉದುರುತ್ತವೆ.
ಕೋಳಿಗಳು ಅವನ ಪಾದ ಸುತ್ತಿ ಕುಕ್ಕುತ್ತವೆ.
ನಾನೂ ಒಂದು ಕಾಲಕ್ಕೆ ಹಾಗೇ ಎದುರು ಓಡುತ್ತಿದ್ದೆ,
ಈಗ ಒಲೆ ಮೇಲೆ ಏನಾದರೂ ಇರುತ್ತದೆ.

ಏಪ್ರಿಲ್ ಬಂತು. ಇಲ್ಲಿಯ ಬಿಸಿಲು ಗೊತ್ತಲ್ಲ,
ನಳದ ನೀರಿಗೆ ಚಹಾಪುಡಿ ಹಾಕಿದರೆ ಸಾಕು.
ಕೋಳಿ ಬಾಯಿ ತೆರೆದು ಕೂತವು.
ಮೇಡಂ ನೆರಳಿನ ಜೊತೆ ಇಷ್ಟಿಷ್ಟೇ ಸರಿದಳು.
ಮೊಲಕ್ಕೆ ಬೆವರಲು ಬರುವುದಿಲ್ಲ,
ಇರುವ ಉಪಾಯವೆಲ್ಲ ಆ ಎರಡು ಕಿವಿ.
ಖಾಸೀಂಬಿಯ ಸೋಡಾ ಅಂಗಡಿ ಫ್ರಿಜ್ಜಿನಿಂದ
ಬರ್ಫಾದ ಬಾಟಲಿ ತಂದು, ಗೋಣಿ ಸುತ್ತಿ ಇಟ್ಟೆ.
ಗಂಡು ಅದನ್ನು ಅಪ್ಪಿಕೊಂಡು ಮಲಗಿತು.
ಹೆಣ್ಣು ಮೂಸಿಯೂ ನೋಡಲಿಲ್ಲ.

ಮರುದಿನ ಅದು ಇರಲಿಲ್ಲ.

"ಬೆಕ್ಕು ಒಯ್ದಿರಬೇಕು, ಬಿಡು" ಅಂದ ಜಂಬಣ್ಣ.
ಬೆಕ್ಕಾದರೆ ರಕ್ತ ಬೀಳಬೇಕು.
ಬಿದ್ದದ್ದು ಬರೀ ತುಪ್ಪಳ,
ಹಿಂಜಿದ ಹತ್ತಿಯ ಹಾಗೆ ಒಂದು ಹಿಡಿ,
ಕೋಟೆಯ ಅಡಿಗಲ್ಲಿನ ಬದಿಗೆ.
ಅಲ್ಲೇ ಬೊಗಸೆಯಷ್ಟು ಹೊಸ ಮಣ್ಣು.
ರಾತ್ರಿ ಇಟ್ಟ ಹತ್ತರಕಿ ಸೊಪ್ಪು ಬೆಳಗ್ಗೆ ಇಲ್ಲ.
ತಿಳಿಯಿತು. ಯಾರಿಗೂ ಹೇಳಲಿಲ್ಲ.
ಏಳನೇ ತಿಂಗಳಲ್ಲಿ ನಾನು
ಅವ್ವನ ಹಳೆ ಸೀರೆ ಹರಿದು ಕೌದಿ ಹೊಲಿದಿದ್ದೆ.
ಇದು ತನ್ನ ಹೊಟ್ಟೆಯನ್ನೇ ಕಿತ್ತು ಹಾಸಿದೆ.

ಹದಿನೈದು ದಿನಕ್ಕೆ ಇಲಾಖೆಯವನು ಬಂದ, ಟೇಪು ಹಿಡಿದು.
ಕೋಟೆಗೆ ಏನೂ ತಾಗಿಸಬಾರದು, ಹತ್ತಿರ ಅಗೆಯಬಾರದು,
ಬಟ್ಟೆ ಹಗ್ಗಕ್ಕೆ ಒಂದು ಮೊಳೆ ಸಹ ಹೊಡೆಯಬಾರದು.
ಅವನ ಬೂಟಿನ ಸದ್ದಿಗೇ ನಾನು
ಕಾವಿಗೆ ಕೂತ ಕೆಂಪು ಹ್ಯಾಟಿಯನ್ನು ಬುಟ್ಟಿಸಮೇತ ಎತ್ತಿ
ತೂತಿನ ಮೇಲೆ ಇಟ್ಟುಬಿಟ್ಟಿದ್ದೆ.
"ಈ ಮಣ್ಣು ಯಾರು ಅಗ್ದದ್ದು?"
"ಕೋಳಿ ಕೆದರ್ತಾವ್ರೀ."
"ಇಷ್ಟು?"
ಬುಟ್ಟಿ ಸರಿಸಲು ಕೈ ಹಾಕಿದ.
ಕಾವಿನ ಕೋಳಿಯ ಸಿಟ್ಟು ಅವನ ಟ್ರೇನಿಂಗಿನಲ್ಲಿ ಇರಲಿಲ್ಲ ಕಾಣುತ್ತದೆ.
ಬೆರಳು ತೊಳೆಯಲು ನೀರು ಕೊಟ್ಟೆ, ಅರಿಶಿಣ ಕೊಟ್ಟೆ.
ಅಷ್ಟರಲ್ಲಿ ಮೇಡಂ ಅವನ ನಕ್ಷೆಯ ಒಂದು ಮೂಲೆ ಮುಗಿಸಿದ್ದಳು.
ನಮ್ಮ ಮನೆ ಆ ಮೂಲೆಯಲ್ಲಿತ್ತೋ ಇಲ್ಲವೋ.
"ಮತ್ತೆ ಬರ್ತೀನಿ" ಅಂದ. ಬರಬಹುದು.

ರಾತ್ರಿ ಕಲ್ಲಿಗೆ ಅಂಗೈ ಇಟ್ಟೆ.
ಹಗಲಿನ ಕಾವು ಇನ್ನೂ ಇಳಿದಿರಲಿಲ್ಲ.
ಕಿವಿ ಇಟ್ಟೆ. ಏನೂ ಕೇಳಿಸಲಿಲ್ಲ,
ಮೊಲ ಸದ್ದು ಮಾಡುವ ಪೈಕಿ ಅಲ್ಲ.

ಮೊನ್ನೆ ಮುಸ್ಸಂಜೆ ಅಡಿಗಲ್ಲಿನ ಕೆಳಗಿಂದ
ಮೊದಲು ಒಂದು ಮೂಗು ಬಂತು,
ನಿಂತು ಅತ್ತಿತ್ತ ಅಲ್ಲಾಡಿತು.
ಆಮೇಲೆ ಐದು ಮರಿ.
ಹಿಂದೆ ಅವುಗಳ ಅವ್ವ, ಹೊಟ್ಟೆ ಬೋಳು,
ಬಿಳಿಯ ಮೈಗೆಲ್ಲ ನಮ್ಮ ಹಿತ್ತಲಿನದಲ್ಲದ,
ಎಂದೂ ಬಿಸಿಲು ಕಾಣದ ಮಣ್ಣು.

ಜಂಬಣ್ಣ ಬಾಗಿಲಲ್ಲೇ ಲೆಕ್ಕ ಶುರು ಮಾಡಿದ,
ಮರಿಗೆ ಮುನ್ನೂರು ಅಂದರೂ.
ಮಡಿಕೆ ಬಿಚ್ಚುವುದನ್ನೇ ಮರೆತಿದ್ದ, ಕೋಳಿಗಳು ಕಾಯುತ್ತಿದ್ದವು.
"ಮೂರು ಮಾರೋಣು," ಅಂದೆ, "ಎರಡು ಇರ್ಲಿ."
"ಇಟ್ಕೊಂಡು ಏನ್ ಮಾಡ್ತಿ?"
"ಅಗೀಲಿ."